ಮೀನಿನ ತಲೆ ಯಾರಿಗೆ?

ಮಿನೆಸೋಟದಲ್ಲಿ ಗಾಳ ಹಾಕುವುದಕ್ಕೂ ಮುಹೂರ್ತ ಇದೆ, ಅದನ್ನು ಕಾನೂನೇ ಇಟ್ಟುಕೊಟ್ಟಿದೆ. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ ಬರುತ್ತದಲ್ಲ, ಆ ವಾರಾಂತ್ಯದ ಶನಿವಾರದಿಂದ ಹಿಂದಕ್ಕೆ ಎರಡು ವಾರ ಎಣಿಸಿದರೆ ಸಿಗುವ ಶನಿವಾರವೇ ವಾಲ್‌ಐ, ನಾರ್ದರ್ನ್ ಪೈಕ್ ಮುಂತಾದ ಮೀನುಗಳ ಋತು ತೆರೆಯುವ ದಿನ. ಲೆಕ್ಕ ಹಾಕಿದವರು ಕ್ಯಾಲೆಂಡರಿನಲ್ಲಿ ಅದರ ಪಕ್ಕದ ಚೌಕವನ್ನು ನೋಡಿದ್ದರೋ ಇಲ್ಲವೋ. ಮೇ ಎರಡನೆಯ ಭಾನುವಾರ ಅಮ್ಮಂದಿರ ದಿನ. ಬಹುತೇಕ ವರ್ಷ ಎರಡೂ ಒಂದೇ ವಾರಾಂತ್ಯಕ್ಕೆ ಬಂದು ಬೀಳುತ್ತವೆ; 2023ರಿಂದ 2026ರವರೆಗಂತೂ ಸತತ ನಾಲ್ಕು ವರ್ಷ. ಶನಿವಾರ ದೋಣಿ ಕರೆಯುತ್ತದೆ, ಭಾನುವಾರ ಧರ್ಮ ಕರೆಯುತ್ತದೆ, ಎರಡರ ನಡುವೆ ಮೂರೂವರೆ ಗಂಟೆಯ ಹೆದ್ದಾರಿ.

ಮನೆಮನೆಯಲ್ಲಿ ಏಳಬಹುದಾದ ಬಿರುಗಾಳಿಯನ್ನು ಊಹಿಸಿಯೋ ಏನೋ, ಸರ್ಕಾರ ಒಂದು ಉಪಾಯ ಮಾಡಿದೆ. ಅಮ್ಮಂದಿರ ದಿನದ ವಾರಾಂತ್ಯದಲ್ಲಿ ರಾಜ್ಯದ ಅಮ್ಮಂದಿರಿಗೆ ಮೀನು ಹಿಡಿಯಲು ಲೈಸೆನ್ಸ್ ಬೇಕಾಗಿಲ್ಲ. ಈ ಪ್ರಕಟಣೆಯನ್ನು ನಾನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸರ್ಕಾರವೇ ಉಡುಗೊರೆ ಕೊಟ್ಟ ಮೇಲೆ ನಾನು ಬೇರೆ ಕೊಡುವುದು ಅತಿಯಾದೀತು ಎಂಬ ಧ್ವನಿಯೂ ಆ ಓದಿನಲ್ಲಿತ್ತು.

"ಅಂದ್ರೆ ಆ ಚಳಿಯಲ್ಲಿ ಕೆರೆ ನಡುವೆ ಕೂತು ನಿಮಗೆ ಬುತ್ತಿ ಬಿಚ್ಚಿ ಕೊಡ್ಲಿಕ್ಕೆ ನನಗೆ ಲೈಸೆನ್ಸ್ ಬೇಡ ಅಂತ," ಎಂದಳು ಅವಳು. "ದೊಡ್ಡ ಉಪಕಾರ ಆಯ್ತು ಮಾರಾಯ್ರೆ."

ನಾನು ಉಡುಪಿಯ ಕಡೆಯವನು. ಇಲ್ಲಿ ಯಾರಾದರೂ ಮೀನಿನ ಮಾತೆತ್ತಿದರೆ ಸಾಕು, "ನಮ್ಮಲ್ಲಿ ಮಲ್ಪೆ ಅಂತ ಬಂದರು ಇದೆ" ಎಂದು ಶುರುಮಾಡುತ್ತೇನೆ. ಊರಿನಲ್ಲಿ ಮೀನಿನ ಜೊತೆ ನನ್ನ ಸಂಬಂಧ ತಟ್ಟೆಯಲ್ಲೇ ಆರಂಭವಾಗಿ ತಟ್ಟೆಯಲ್ಲೇ ಮುಗಿಯುತ್ತಿತ್ತು. ಮೀನಿನವಳು ಬುಟ್ಟಿ ಹೊತ್ತು ಅಂಗಳಕ್ಕೆ ಬರುತ್ತಿದ್ದಳು, ಅಮ್ಮ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡುತ್ತಿದ್ದಳು, ನಾನು ಊಟದ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದೆ. ಇಷ್ಟೆಲ್ಲ ವಿವರ ಪಕ್ಕದ ಮನೆಯ ಯಜಮಾನರಿಗೆ ಹೇಳುವ ಸಂದರ್ಭ ಒದಗಲಿಲ್ಲ. ಅವರು ನಿವೃತ್ತರು, ಮಾತು ಕಡಿಮೆ, ಮನೆಗಿಂತ ದೋಣಿಯನ್ನು ಹೆಚ್ಚು ಒರೆಸುವವರು. ನನ್ನನ್ನು ಕಡಲ ಮಗ ಎಂದೇ ನಂಬಿ ಲೀಚ್ ಲೇಕ್ ಎಂಬ ಕೆರೆಗೆ ಕರೆದೊಯ್ದು ದೋಣಿಗೆ ಹತ್ತಿಸಿಕೊಂಡರು.

ಇಲ್ಲಿ ಮರ್ಯಾದಸ್ಥ ಮೀನು ಎಂದರೆ ವಾಲ್‌ಐ. 1965ರಲ್ಲಿ ಅದಕ್ಕೆ ರಾಜ್ಯದ ಮೀನು ಎಂಬ ಪಟ್ಟವನ್ನೂ ಕಟ್ಟಿದ್ದಾರೆ. ಮುಳ್ಳಿನ ಕಾಟ ಇಲ್ಲದ ಬಿಳಿ ಮಾಂಸ, ಬೆಳಕು ತಗ್ಗಿದ ಮೇಲೆ ಹೊರಡುವ ಸಂಕೋಚ, ಎರೆಯನ್ನು ಮುಟ್ಟಿತೋ ಇಲ್ಲವೋ ಎನ್ನುವಷ್ಟು ನಯವಾದ ಕಚ್ಚು. ಅದನ್ನು ಹಿಡಿಯುವವರ ಬೆರಳಿನಲ್ಲಿ ಸಂಗೀತಗಾರರ ಸೂಕ್ಷ್ಮ ಇರಬೇಕು. ನಾರ್ದರ್ನ್ ಪೈಕ್‌ಗೆ ಇಂಥ ನಾಜೂಕು ಒಂದೂ ಇಲ್ಲ. ಕಂಡಿತು, ನುಗ್ಗಿತು, ಕಚ್ಚಿತು. ಬಾಯಿಯ ಮೇಲ್ಭಾಗದ ತುಂಬ ಒಳಮುಖವಾಗಿ ವಾಲಿದ ಹಲ್ಲುಗಳು. ಒಳಗೆ ಹೋದದ್ದು ಹೊರಗೆ ಬರುವ ಮಾತಿಲ್ಲ. ಗಾಳದ ದಾರವನ್ನು ಕತ್ತರಿಸಿ ಹಾಕುತ್ತದೆ ಎಂದೇ ಗಾಳದ ಮುಂದೆ ಗೇಣುದ್ದದ ಸ್ಟೀಲ್ ಲೀಡರ್ ಕಟ್ಟಬೇಕು. ಮೈತುಂಬ ಲೋಳೆ, ಮಾಂಸದ ತುಂಬ ವೈ ಆಕಾರದ ಮುಳ್ಳು. ವಾಲ್‌ಐಗೆಂದು ಹಾಕಿದ ಗಾಳಕ್ಕೆ ನಾರ್ದರ್ನ್ ಬಂದರೆ ಹಳಬರು ನಿಟ್ಟುಸಿರು ಬಿಡುತ್ತಾರೆ.

ನಾನು ರಾಡ್ ಬೀಸುವುದನ್ನು ಸ್ವಲ್ಪ ಹೊತ್ತು ನೋಡಿ, ತಮ್ಮ ಟೋಪಿಗೆ ಸಿಕ್ಕಿಕೊಂಡ ಗಾಳವನ್ನು ಬಿಡಿಸಿಕೊಂಡು, ನೆರೆಮನೆಯವರು ಮೃದುವಾಗಿ ಹೇಳಿದರು: "ನಿಮಗೆ ನಾರ್ದರ್ನ್ ಚೆನ್ನಾಗಿ ಒಗ್ಗುತ್ತದೆ." ಮಿನೆಸೋಟದವರು ಬೈಯುವುದನ್ನೂ ಹೊಗಳುವ ದನಿಯಲ್ಲೇ ಬೈಯುತ್ತಾರೆ. ನಾನು ಹೊಗಳಿಕೆಯನ್ನಷ್ಟೇ ಇಟ್ಟುಕೊಂಡೆ. ಅಂದಿನಿಂದ ನಾನು ಪೈಕ್ ಬೇಟೆಗಾರ.

ಮೀನಿನ ಸ್ವಭಾವ ಅರಿಯದೆ ಮೀನು ಸಿಗುವುದಿಲ್ಲ ಎಂದು ನಾನೇ ಮನೆಗೆ ಪುಸ್ತಕ ತಂದೆ. ಅದನ್ನು ಮಗಳು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದ್ದು ಸಂಸಾರಕ್ಕೆ ಒಳ್ಳೆಯದಾಗಲಿಲ್ಲ. ಪೈಕ್ ಬೇಟೆಯನ್ನು ಬೆನ್ನಟ್ಟಿ ದೂರ ಓಡುವ ಪೈಕಿಯಲ್ಲ. ನೀರುಗಿಡಗಳ ಮರೆಯಲ್ಲಿ ಅಲುಗಾಡದೆ ನಿಂತಿರುತ್ತದೆ. ಬೆನ್ನಿನ ರೆಕ್ಕೆ ಬಾಲದ ಬುಡದ ತನಕ ಹಿಂದೆ ಸರಿದಿರುವುದರಿಂದ ನಿಂತ ಜಾಗದಿಂದ ಒಮ್ಮೆಗೇ ಚಿಮ್ಮಬಲ್ಲದು. ತಿನ್ನುವಂಥದ್ದು ಹತ್ತಿರ ಸುಳಿದರೆ ಆ ಒಂದು ಚಿಮ್ಮು, ನುಂಗಿದ ಮೇಲೆ ಮತ್ತೆ ಅದೇ ಮರೆ, ಅದೇ ಮೌನ.

ಹೆಂಡತಿ ನಿಧಾನವಾಗಿ ಕತ್ತು ತಿರುಗಿಸಿ ಹಾಲಿನ ಸೋಫಾ ನೋಡಿದಳು. ಅದರ ಎಡಮೂಲೆಯಲ್ಲಿ ನನ್ನ ಆಕಾರದ ತಗ್ಗು ಇದೆ.

"ಇದನ್ನು ನೋಡ್ಲಿಕ್ಕೆ ಲೀಚ್ ಲೇಕಿನ ತನಕ ಯಾಕೆ ಹೋಗುದು?" ಎಂದಳು. "ನಾನು ಅಡುಗೆಮನೆಯಿಂದ ಪೋಡಿ ತಟ್ಟೆ ತಂದಾಗ ದಿನಾ ಕಾಣ್ತದಲ್ಲ."

ಪೈಕ್ ಕೆರೆಯ ರಾಜ, ಬಾತುಕೋಳಿಯ ಮರಿಯನ್ನೂ ಬಿಡುವುದಿಲ್ಲ, ಹಸಿದರೆ ತನ್ನ ಕುಲದ ಮರಿಗಳನ್ನೇ ನುಂಗುತ್ತದೆ ಎಂದು ಅದರ ಪರವಾಗಿ ವಾದಿಸಿದೆ. ಅಷ್ಟರಲ್ಲಿ ಮಗಳು ಮುಂದಿನ ಪುಟಕ್ಕೆ ಹೋಗಿದ್ದಳು. ಪೈಕ್‌ಗಳಲ್ಲಿ ದೊಡ್ಡದಾಗಿ ಬೆಳೆಯುವುದು ಹೆಣ್ಣು. ಗಂಡು ಒಂದು ಅಳತೆಗೆ ನಿಂತುಬಿಡುತ್ತದೆ. ಬೇಸಿಗೆ ಏರಿದಾಗ ದೊಡ್ಡವು ಆಳದ ತಂಪು ನೀರಿಗೆ ಇಳಿಯುತ್ತವೆ. ದಡದ ಬೆಚ್ಚನೆಯ ಪಾಚಿಯಲ್ಲಿ ಸುತ್ತಾಡಿಕೊಂಡು ಹೊಳೆಯುವುದಕ್ಕೆಲ್ಲ ಬಾಯಿ ಹಾಕುವುದು ಸಣ್ಣವು. ಇವಕ್ಕೆ ಇಲ್ಲಿನವರ ಬಾಯಲ್ಲಿ 'ಹ್ಯಾಮರ್ ಹ್ಯಾಂಡಲ್' ಎಂದು ಹೆಸರು. ಉದ್ದ ದಪ್ಪ ಎಲ್ಲ ಸುತ್ತಿಗೆಯ ಹಿಡಿಯಷ್ಟೇ.

ಮಾತು ತಿರುಗಿಸಲು ದಾಖಲೆಗಳನ್ನು ಎತ್ತಿದೆ. ಮಿನೆಸೋಟದ ದಾಖಲೆ ಪೈಕ್ ಸಿಕ್ಕಿದ್ದು 1929ರಲ್ಲಿ, ಬಾಸ್‌ವುಡ್ ಲೇಕಿನಲ್ಲಿ, ತೂಕ 45 ಪೌಂಡು 12 ಔನ್ಸು. ಜಗತ್ತಿನ ದಾಖಲೆ 1986ರಲ್ಲಿ ಆಗಿನ ಪಶ್ಚಿಮ ಜರ್ಮನಿಯ ಗ್ರೆಫೆರ್ನ್ ಕೆರೆಯದು, 55 ಪೌಂಡು 1 ಔನ್ಸು. ಹತ್ತಿರ ಹತ್ತಿರ 25 ಕಿಲೊ, ನಾವು ಭಾರತ್ ಬಜಾರಿನಿಂದ ಹೊತ್ತು ತರುವ ಅಕ್ಕಿಚೀಲಕ್ಕಿಂತ ಭಾರ.

"ಎರಡೂ ಹೆಣ್ಣೇ ಇರ್ಬೇಕು," ಎಂದಳು ಹೆಂಡತಿ, ಸಾರಿನ ಪಾತ್ರೆ ಎತ್ತುತ್ತ. "ಅಕ್ಕಿಚೀಲ ಕಾರಿನಿಂದ ಇಳಿಸುದು ಯಾರು ಅಂತ ಗೊತ್ತುಂಟಲ್ಲ."

ಅಂದಿನಿಂದ ಮನೆಯಲ್ಲಿ ನನ್ನ ಹೆಸರು ಹ್ಯಾಮರ್ ಹ್ಯಾಂಡಲ್. ಫೋನಿನಲ್ಲಿ ಮಗಳು "ಅಮ್ಮಾ, ಎಚ್.ಎಚ್. ಬಂದ್ರು" ಎನ್ನುವುದನ್ನು ಕೇಳಿದ ಬಂಧುಗಳು ನನಗೆ ಏನೋ ಬಡ್ತಿ ಸಿಕ್ಕಿದೆ ಎಂದುಕೊಂಡಿದ್ದಾರೆ.

ಹೊಳೆಯುವುದಕ್ಕೆ ಬಾಯಿ ಹಾಕುವ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪೈಕ್ ಹಿಡಿಯಲು ಸ್ಪೂನ್ ಎಂಬ ಲೋಹದ ತಗಡು ಬೇಕು. ಹಿಡಿಯಿಲ್ಲದ ಚಮಚ, ಕೆಳಗೆ ಮೂರು ಮುಳ್ಳಿನ ಗಾಳ. ನೀರಿನಲ್ಲಿ ಎಳೆದಾಗ ತೊನೆದಾಡುತ್ತ ಮಿಂಚುತ್ತದೆ, ಪೈಕ್ ಅದನ್ನು ಗಾಯಗೊಂಡ ಮೀನೆಂದು ನಂಬುತ್ತದೆ. ಇದರಲ್ಲಿ ಕುಲೀನ ಮನೆತನದ್ದು ಡೆಟ್ರಾಯಿಟ್ ಮೂಲದ ಡಾರ್‌ಡೆವಲ್, ಕೆಂಪು ಬಿಳಿ ಪಟ್ಟೆಯದು, ನೂರು ವರ್ಷ ದಾಟಿದ ಹೆಸರು. ಅಂಗಡಿಯಲ್ಲಿ ಇವನ್ನು ಸಾಲಾಗಿ ತೂಗುಹಾಕಿರುತ್ತಾರೆ: ತಾಮ್ರದ್ದು, ಬೆಳ್ಳಿಯದು, ಹಳದಿ ಚುಕ್ಕಿಯದು, ಕಪ್ಪೆಬಣ್ಣದ್ದು. ಮೋಡದ ದಿನಕ್ಕೆ ಒಂದು, ಬಿಸಿಲಿಗೆ ಒಂದು, ಕೆಸರು ನೀರಿಗೆ ಇನ್ನೊಂದು. ಹೆಂಗಸರು ಒಂದೊಂದು ಸೀರೆಗೆ ಒಂದೊಂದು ಓಲೆ ಕೊಳ್ಳುತ್ತಾರೆ ಎಂದು ಉಡುಪಿಯ ಚಿನ್ನದಂಗಡಿಯಲ್ಲಿ ಕೂತು ನಾನು ಆಡಿದ ಮಾತುಗಳೆಲ್ಲ ಹೆಂಡತಿಯ ನೆನಪಿನಲ್ಲಿ ತಾರೀಕಿನ ಸಮೇತ ಇವೆ. ಒಂದು ದಿನ ನನ್ನ ಪೆಟ್ಟಿಗೆ ತೆರೆದು, ಗಾಳ ಕಳಚಿದ ಜೋಡಿ ಸ್ಪೂನುಗಳನ್ನು ಕಿವಿಯ ಪಕ್ಕ ಹಿಡಿದು ಕನ್ನಡಿ ನೋಡಿಕೊಂಡಳು.

"ಚಂದ ಉಂಟು. ಮೀನಿಗಾದ್ರೆ ಬೆಲೆ ಕೇಳದೆ ತಗೊಳ್ತೀರಿ."

ಇನ್ನು ಇಕ್ಕಳದ ಪ್ರಕರಣ. ಪೈಕ್‌ನ ಬಾಯಿಂದ ಗಾಳ ಬಿಡಿಸಲು ಕೈ ಹಾಕಿದವನು ಬೆರಳಿನ ಆಸೆ ಬಿಡಬೇಕು. ಉದ್ದ ಮೂತಿಯ ಇಕ್ಕಳ ಬೇಕೇ ಬೇಕು. ನಮ್ಮ ಮನೆಯಲ್ಲಿ ಊರಿನಿಂದ ತಂದ ಇಕ್ಕಳ ಇತ್ತು, ಹಾಲಿನ ಪಾತ್ರೆ ಇಳಿಸುವಂಥದ್ದು, ಗಟ್ಟಿ ಹಿಡಿತ. ಅದು ಕೆರೆಗೆ ಹೋಗಿ ಬಂದು ಸ್ವಸ್ಥಾನಕ್ಕೆ ಸೇರಿತು. ಪೈಕ್‌ನ ಲೋಳೆಗೆ ಒಂದು ಗುಣವಿದೆ: ಹಸಿಯಿದ್ದಾಗ ಕಾಣುವುದಿಲ್ಲ, ಒಣಗಿದ ಮೇಲೆ ಪರಿಮಳದಿಂದ ತನ್ನ ಇರವನ್ನು ಸಾರುತ್ತದೆ. ಮರುದಿನ ಬೆಳಗಿನ ಕಾಫಿಯಲ್ಲಿ ನಾವೆಲ್ಲ ಲೀಚ್ ಲೇಕಿನ ಇರವನ್ನು ಅರಿತೆವು. ಹಾಗಾಗಿ ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಈಗ ಅಂತಾರಾಷ್ಟ್ರೀಯ ಗಡಿ ಇದೆ. ಗಡಿ ದಾಟಲು ಅನುಮತಿ ಇದ್ದದ್ದು ಫ್ರೀಜರಿನ ಕೆಳಗಿನ ಒಂದು ಖಾನೆಗೆ ಮಾತ್ರ.

ಆ ಖಾನೆಗೂ ಕುತ್ತು ಬಂತು. ಏಪ್ರಿಲ್ ಕೊನೆಗೆ ಅಮ್ಮ ಊರಿನಿಂದ ಬಂದಳು. ಮಂಜು ಕರಗಿದ ಹೊಸತರಲ್ಲಿ ನೀರು ಕೊರೆಯುತ್ತಿರುತ್ತದೆ. ಪೈಕ್‌ಗೂ ಅಟ್ಟಾಡಿಸುವ ಉತ್ಸಾಹ ಇರುವುದಿಲ್ಲ, ತಳದಲ್ಲಿ ಬಿದ್ದ ಸತ್ತ ಮೀನನ್ನು ಎತ್ತಿಕೊಳ್ಳುತ್ತದೆ. ಅದಕ್ಕೆಂದು ಸ್ಮೆಲ್ಟ್ ಎಂಬ ಬೆಳ್ಳಿಬಣ್ಣದ ಸಪೂರ ಮೀನನ್ನು ಎರೆಯಂಗಡಿಯಿಂದ ತಂದು, ಪೊಟ್ಟಣ ಕಟ್ಟಿ, ಋತುವಿನ ಮೊದಲ ದಿನಕ್ಕೆಂದು ಆ ಖಾನೆಯಲ್ಲಿ ಕೂಡಿಟ್ಟಿದ್ದೆ.

ಒಂದು ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದರೆ ರವೆಯಲ್ಲಿ ಹೊರಳಿಸಿ ತೆಂಗಿನೆಣ್ಣೆಯಲ್ಲಿ ಹುರಿದ ಮೀನಿನ ಘಮ. ಕೈ ತೊಳೆದದ್ದೂ ನೆನಪಿಲ್ಲ, ಕೂತೆ. ಬೂತಾಯಿಗಿಂತ ಸಪೂರ, ಬೂತಾಯಿಗಿಂತ ಮೃದು, ಮುಳ್ಳು ಸಮೇತ ಕರುಮುರು.

"ಇಷ್ಟು ಒಳ್ಳೆ ಮೀನು ಎಲ್ಲಿ ಸಿಕ್ಕಿತು ಅಮ್ಮ?"

"ನಿನ್ನ ಫ್ರೀಜರಿನಲ್ಲೇ ಮಗಾ. ಅಡಿಯಲ್ಲಿ ಅಡಗಿಸಿ ಇಟ್ಟಿದ್ದಿ."

"ಅಯ್ಯೋ, ಅದು ಎರೆ!"

"ಯಾರಿಗೆ?"

"ಮೀನಿಗೆ."

ಅಮ್ಮ ಸಟ್ಟುಗ ಕೆಳಗಿಟ್ಟಳು. "ಈ ಒಳ್ಳೆ ಮೀನನ್ನು ಮೀನಿಗೆ ತಿನ್ನಿಸುದು. ಮುಳ್ಳು ತುಂಬಿದ ಮೀನು ಹಿಡಿಯುದು. ಅಳತೆ ಮಾಡಿ ಅದನ್ನೂ ನೀರಿಗೆ ಬಿಡುದು. ನಿನ್ನ ಇಂಜಿನಿಯರಿಂಗಿಗೆ ಅಪ್ಪ ತೋಟ ಅಡವಿಟ್ಟದ್ದು ಇದಕ್ಕಾ?"

ಹೆಂಡತಿ ಪಕ್ಕದಿಂದ ಇನ್ನೊಂದನ್ನು ನನ್ನ ತಟ್ಟೆಗೆ ಹಾಕಿದಳು. "ಅತ್ತೆ, ಹಾಗೆ ಹೇಳ್ಬೇಡಿ. ಇವರು ಕಚ್ಚಿದ ರಭಸ ನೋಡಿದ್ರೆ ಎರೆ ಒಳ್ಳೇದೇ ಉಂಟು."

ಋತು ತೆರೆಯುವ ಶನಿವಾರ ನಸುಕಿನಲ್ಲೇ ಹೊರಟೆವು. ಲೀಚ್ ಲೇಕ್ ಒಂದು ಲಕ್ಷ ಎಕರೆಗೂ ಮಿಕ್ಕಿದ ನೀರು. ವಾಕರ್ ಊರಿನ ದಡದಲ್ಲಿ ನಿಂತು ಅಮ್ಮ ಬಹಳ ಹೊತ್ತು ನೋಡಿದಳು, ನೀರು ಬಾಯಿಗೆ ಹಾಕಿ ಉಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಲೈಸೆನ್ಸಿನ ವಿಷಯದಲ್ಲಿ ಮಾತ್ರ ಅವಳಿಗೆ ಅವಮಾನವಾಯಿತು. ಉಚಿತ ಸೌಲಭ್ಯ ರಾಜ್ಯದ ನಿವಾಸಿ ಅಮ್ಮಂದಿರಿಗಷ್ಟೇ. ಉಡುಪಿಯಿಂದ ಬಂದ ಅಮ್ಮ ಗಾಳ ಮುಟ್ಟಬೇಕಾದರೆ ಹೊರಗಿನವರ ಒಂದು ದಿನದ ಲೈಸೆನ್ಸ್ ಕೊಳ್ಳಬೇಕು. "ಸೊಸೆ ಅಮ್ಮ, ನಾನು ಅಮ್ಮ ಅಲ್ವಾ?" ಎಂದು ಕೇಳಿ, ದುಡ್ಡು ಕೊಡಲು ಬಿಡದೆ, ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ನನ್ನ ಜಾಕೆಟ್ಟು, ಅದರ ಮೇಲೆ ಲೈಫ್ ಜಾಕೆಟ್ಟು ತೊಟ್ಟು, ಬರೀ ನೋಡಲು ದೋಣಿಯ ನಡುವೆ ಕೂತಳು. ನೆರೆಮನೆಯವರು ಚುಕ್ಕಾಣಿಯಲ್ಲಿ, ಅವರ ಹೆಂಡತಿ ಪಕ್ಕದಲ್ಲಿ, ಮಗಳ ಕೈಯಲ್ಲಿ ಅಳತೆಪಟ್ಟಿ.

ಪೈಕ್ ಮೊಟ್ಟೆಯಿಡುವುದು ಮಂಜು ಕರಗುತ್ತಿದ್ದ ಹಾಗೆಯೇ, ದಡದ ನೆರೆನೀರು ನಿಂತ ಹುಲ್ಲಿನಲ್ಲಿ. ಮೇ ನಡುವಿಗೆ ಆ ಕೆಲಸ ಮುಗಿದಿದ್ದರೂ ಮೊದಲು ಬೆಚ್ಚಗಾಗುವ ಆಳವಿಲ್ಲದ ಕೊಲ್ಲಿಗಳಲ್ಲೇ ಸುತ್ತುತ್ತಿರುತ್ತವೆ. ಅಂಥ ಒಂದು ಕೊಲ್ಲಿಯಲ್ಲಿ ಲಂಗರು ಇಳಿಸಿದರು. ನಾನು ಕೆಂಪು ಬಿಳಿ ಡಾರ್‌ಡೆವಲ್ ಬೀಸಿದೆ. ಎಲ್ಲರೂ ತಲೆ ತಗ್ಗಿಸಿದರು. ತುಸು ಹೊತ್ತಿಗೆ ಒಂದು ಬಂತು. ಮಗಳು ಪಟ್ಟಿ ಹಿಡಿದಳು: 19 ಇಂಚು.

"ಎಚ್.ಎಚ್.ಗೆ ಎಚ್.ಎಚ್. ಸಿಕ್ಕಿತು!" ಎಂದು ಕೂಗಿದಳು. ದೂರದ ದೋಣಿಯವರು ಟೋಪಿ ಎತ್ತಿ ಅಭಿನಂದಿಸಿದರು.

ಆಮೇಲೆ ಹೆಂಡತಿಯ ರಾಡ್ ಬಾಗಿತು. ಪೈಕ್ ದೋಣಿಯ ತನಕ ಸಾಧುವಾಗಿ ಬಂದು, ದೋಣಿ ಕಂಡ ಕೂಡಲೇ ರುದ್ರಾವತಾರ ತಾಳಿ ಅಡಿಗೆ ನುಗ್ಗಿತು. ನಾನು ಎಡಕ್ಕೆ ಎಂದೆ, ಅವಳು ಬಲಕ್ಕೆ ತಿರುಗಿಸಿದಳು, ಮೀನು ಬಂತು. 24 ಇಂಚು. ಅಮ್ಮ ಆಗಲೇ ಸಾರಿಗೆ ತೆಂಗಿನಕಾಯಿ ಎಷ್ಟು ಬೇಕೆಂದು ಲೆಕ್ಕ ಹಾಕಿಯಾಗಿತ್ತು.

"ಅಜ್ಜಿ, ಇದನ್ನು ಬಿಡ್ಬೇಕು," ಎಂದಳು ಮಗಳು.

2018ರಿಂದ ಜಾರಿಯಲ್ಲಿರುವ ನಿಯಮ ಹೀಗಿದೆ. ರಾಜ್ಯದ ಉತ್ತರ-ಮಧ್ಯ ವಲಯದಲ್ಲಿ ಒಬ್ಬರು ಹತ್ತು ಪೈಕ್ ಇಟ್ಟುಕೊಳ್ಳಬಹುದು. ಆದರೆ 22ರಿಂದ 26 ಇಂಚಿನವನ್ನು ಇಟ್ಟುಕೊಳ್ಳುವ ಹಾಗಿಲ್ಲ, 26 ದಾಟಿದವು ಎರಡೇ. ಇಲ್ಲಿನ ಕೆರೆಗಳಲ್ಲಿ ಸಣ್ಣ ಪೈಕ್ ತುಂಬಿಹೋಗಿವೆ, ದೊಡ್ಡವು ಕಡಿಮೆಯಾಗಿವೆ. ಸಣ್ಣವನ್ನು ಹಿಡಿದು ತಿನ್ನಿ, ಬೆಳೆಯುವ ಭರವಸೆ ಇರುವ ನಡುಪ್ರಾಯದವನ್ನು ಬಿಡಿ ಎಂಬುದು ಅದರ ತಾತ್ಪರ್ಯ. ಅಮ್ಮನಿಗೆ ಇದನ್ನು ಹೇಗೆ ಒಪ್ಪಿಸುವುದು ಎಂದು ನಾನು ಮಾತು ಹುಡುಕುತ್ತಿದ್ದೆ. ಅವಳೇ ತಲೆಯಾಡಿಸಿದಳು.

"ನಮ್ಮಲ್ಲೂ ಜೂನ್ ಒಂದರಿಂದ ಜುಲೈ ಕೊನೆ ತನಕ ಬೋಟು ಕಡಲಿಗೆ ಇಳಿಯುದಿಲ್ಲ, ಅರುವತ್ತೊಂದು ದಿನ. ಮರಿ ಹಾಕುವ ಕಾಲಕ್ಕೆ ಬಲೆ ಹಾಕಿದ್ರೆ ಮುಂದೆ ತಿನ್ನುದೆಂತ? ಸರಿಯೇ ಉಂಟು, ಬಿಡು." ಸೊಸೆ ಬಿಟ್ಟ ಮೀನು ನೀರಿಗಿಳಿದು ಮಾಯವಾಗುವುದನ್ನು ನೋಡಿ ನನ್ನ ಕಡೆ ತಿರುಗಿದಳು. "ನಿನ್ನದು ಸಣ್ಣದು. ಅದು ಬೆಳೆಯುದಿಲ್ಲ. ಇಟ್ಟುಕೊ."

ಸ್ವಲ್ಪದರಲ್ಲೇ ಹೆಂಡತಿಗೆ ಇನ್ನೊಂದು ಬಿತ್ತು. 29 ಇಂಚು. ಈಗ ಕಾನೂನು ಪೂರ್ತಿ ಅವಳ ಕಡೆ. ನನಗೆ ಒಂದೇ ಆಸರೆ ಉಳಿದಿತ್ತು. ಈ ಕೆರೆಯಲ್ಲಿ ಪೈಕ್‌ನ ದಾಯಾದಿ ಮಸ್ಕಿಯೂ ಇದೆ. 54 ಇಂಚು ಆಗದ ಮಸ್ಕಿಯನ್ನು ಬಿಡಲೇಬೇಕು. ಗುರುತು ಕೆಳದವಡೆಯ ಅಡಿಯಲ್ಲಿದೆ. ಒಂದೊಂದು ಬದಿಗೆ ಐದು ಸೂಕ್ಷ್ಮ ರಂಧ್ರ ಇದ್ದರೆ ಪೈಕ್, ಆರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಸ್ಕಿ. ವಿಜ್ಞಾನದ ಹಿತದೃಷ್ಟಿಯಿಂದ ಮೀನನ್ನು ಮಗುಚಿ, ಕನ್ನಡಕ ಏರಿಸಿ ಎಣಿಸಿದೆ. ಐದು. ಆ ಬದಿಯೂ ಎಣಿಸಿದೆ. ಐದು. ಕಡುಹಸಿರು ಮೈಮೇಲೆ ತಿಳಿಬಣ್ಣದ ಚುಕ್ಕಿಗಳು ಮೊದಲೇ ಅದನ್ನು ಹೇಳುತ್ತಿದ್ದವು.

"ಆರನೆಯದ್ದು ಸಿಕ್ಕಿತಾ?" ಎಂದು ಕೇಳಿದಳು ಹೆಂಡತಿ. ಅವಳೂ ಪುಸ್ತಕ ಓದಿದ್ದಳು.

ಮೀನು ಮನೆಗೆ ಬಂತು, ಮುಳ್ಳಿನ ಸಮಸ್ಯೆಯೂ ಜೊತೆಗೆ ಬಂತು. ಇಲ್ಲಿನವರು ಪೈಕ್ ಎಂದರೆ ಮೂಗು ಮುರಿಯುವುದು ಬೆನ್ನಿನ ಮಾಂಸದೊಳಗೆ ಸಾಲುಗಟ್ಟಿ ನಿಂತ ಆ ವೈ ಮುಳ್ಳುಗಳಿಗಾಗಿ. ಬಲ್ಲವರು ಮುಳ್ಳಿನ ಸಾಲನ್ನು ತಪ್ಪಿಸಿ ಮೀನನ್ನು ಐದು ತುಂಡಾಗಿ ಕೊಯ್ಯುತ್ತಾರೆ. ನೆರೆಮನೆಯವರ ವಿಧಾನ ಬೇರೆ: ಲಾಡಿಹುಳದ ಭಯಕ್ಕೆ ಮೊದಲು ಎರಡು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಆಮೇಲೆ ವಿನೆಗರಿನಲ್ಲಿ ಈರುಳ್ಳಿಯ ಜೊತೆ ನೆನೆಹಾಕಿ ಉಪ್ಪಿನಕಾಯಿ ಮಾಡುವುದು. ವಿನೆಗರಿಗೆ ಸಣ್ಣ ಮುಳ್ಳು ಮೆತ್ತಗಾಗುತ್ತದೆ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮೀನನ್ನು ಅಡ್ಡಡ್ಡ ತುಂಡು ಮಾಡಿ, ಹುಣಸೆಹುಳಿ, ಒಣಮೆಣಸು ಅರೆದು ಪುಳಿಮುಂಚಿ ಮಾಡಿದಳು. ನೆರೆಮನೆಯವರನ್ನೂ ಊಟಕ್ಕೆ ಕರೆದಿದ್ದೆವು. ಅವರು ಫೋರ್ಕಿನಿಂದ ಒಂದು ತುಂಡು ಎತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿಂದ ಮುಳ್ಳು ತೆಗೆದರು. ಇನ್ನೊಂದು ತುಂಡು, ಇನ್ನೊಂದು ಮುಳ್ಳು. ಅಮ್ಮ ನೋಡಿ ಸಾಕಾಗಿ ಅವರ ಕೈಯಿಂದ ಫೋರ್ಕ್ ತೆಗೆದಿಟ್ಟು, ತನ್ನ ಬೆರಳಿನಲ್ಲಿ ಮಾಂಸ ಬಿಡಿಸುವುದನ್ನು ತೋರಿಸಿದಳು. ಹೆಬ್ಬೆರಳು ಒತ್ತಿದರೆ ಮುಳ್ಳು ತಾನಾಗಿ ಸಿಗುತ್ತದೆ. ಕಬ್ಬಿಣಕ್ಕೆ ಮುಳ್ಳು ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ನೆರೆಮನೆಯಾಕೆ ಒಂದೇ ಸಲಕ್ಕೆ ಕಲಿತು, ಗಂಡನಿಗಿಂತ ಮೊದಲು ತಟ್ಟೆ ಖಾಲಿ ಮಾಡಿ, ಬೆರಳು ನೆಕ್ಕಿ, ಪೈಕ್‌ಗೆ ಅಲ್ಲ, ಫೋರ್ಕಿಗೆ ಕೆಟ್ಟ ಹೆಸರು ಬರಬೇಕಿತ್ತು ಎಂದರು.

ಆಮೇಲೆ ಬಂತು ತಲೆ. ನಮ್ಮ ಕಡೆ ಮೀನಿನ ತಲೆ ಎಂದರೆ ಸುಮ್ಮನೆಯಲ್ಲ. ಸಾರಿನ ರಸವೆಲ್ಲ ಇಳಿದಿರುವುದು ಅದರಲ್ಲಿ. ಅಪ್ಪ ಇರುವವರೆಗೆ ಅಪ್ಪನಿಗೆ, ಆಮೇಲೆ ನನಗೆ. ಬಾತಿನ ಕೊಕ್ಕಿನಷ್ಟು ಚಪ್ಪಟೆ ಮೂತಿಯ ಆ ತಲೆಯನ್ನು ಅಮ್ಮ ಸೌಟಿನಲ್ಲಿ ಎತ್ತಿದಳು. ನಾನು ಅಭ್ಯಾಸಬಲದಿಂದ ತಟ್ಟೆ ಮುಂದೆ ಮಾಡಿದೆ. ಸೌಟು ನನ್ನ ತಟ್ಟೆಯ ಮೇಲಿಂದ ಹಾರಿ ಹೆಂಡತಿಯ ತಟ್ಟೆಗೆ ಇಳಿಯಿತು.

"ಹಿಡಿದವರಿಗೆ ತಲೆ," ಎಂದಳು ಅಮ್ಮ. "ನಿನ್ನದರ ತಲೆ ಬೇರೆ ಬೇಯಿಸಿದ್ದೇನೆ. ಹುಡುಕಿ ನೋಡು, ಪಾತ್ರೆಯ ಅಡಿಯಲ್ಲಿ ಉಂಟು."

ಅಮ್ಮ ಊರಿಗೆ ಹೋದಳು, ಆದೇಶ ಉಳಿಯಿತು. ಮುಂದಿನ ವರ್ಷದ ಲೈಸೆನ್ಸಿನ ಹೊತ್ತಿಗೆ ನಾನು ಹೆಂಡತಿಗೆ ಹೇಳಿದೆ, ಈ ರಾಜ್ಯದಲ್ಲಿ ಗಂಡ ಹೆಂಡತಿಗೆ ಸೇರಿ ಜೋಡಿ ಲೈಸೆನ್ಸ್ ಕೊಡುತ್ತಾರೆ, ಬೇರೆ ಬೇರೆ ಕೊಳ್ಳುವುದಕ್ಕಿಂತ ಅಗ್ಗ, ದಾಂಪತ್ಯಕ್ಕೂ ಶೋಭೆ. ಅವಳು ತನ್ನದೊಂದನ್ನೇ ಕೊಂಡಳು.

"ಜೋಡಿ ತಗೊಂಡ್ರೆ ಒಂದೇ ದೋಣಿ ಅಂತ ನೀವು ತಿಳ್ಕೊಳ್ತೀರಿ. ಪಕ್ಕದ ಮನೆಯವಳೂ ನಾನೂ ಬೇರೆ ದೋಣಿ ಮಾಡ್ತೇವೆ. ಅವಳಿಗೆ ಅವಳ ಗಂಡನ ಟೋಪಿಯ ಗತಿ ಬರುದು ಬೇಡ."

"ಮತ್ತೆ ನನಗೆ ಕೆಲಸ?"

"ನಾವು ಹಿಡ್ಕೊಂಡು ಬರ್ತೇವೆ. ನೀವು ಮುಳ್ಳು ತೆಗೀಲಿಕ್ಕೆ ಕಲೀರಿ. ಐದು ತುಂಡು."

ಈಗ ಐದು ತುಂಡು ಕಲಿಯುತ್ತಿದ್ದೇನೆ. ಸದ್ಯಕ್ಕೆ ಒಂಬತ್ತು ಬರುತ್ತವೆ. ಕೆಲಸ ಗ್ಯಾರೇಜಿನಲ್ಲಿ, ಗಡಿಯಿಂದ ಆಚೆ, ನನ್ನದೇ ಇಕ್ಕಳ, ನನ್ನದೇ ಚೂರಿ. ಕೂಲಿಯ ಮಾತುಕತೆ ಇನ್ನೂ ಮುಗಿದಿಲ್ಲ. 26 ಇಂಚು ದಾಟಿದ ಪ್ರತಿ ಮೀನಿಗೆ ಅರ್ಧ ತಲೆ ಎಂದು ಕೇಳಿದ್ದೇನೆ. ಎಡಭಾಗವೋ ಬಲಭಾಗವೋ ಬರಹದಲ್ಲಿ ಕೊಡಿ ಎಂದು ಅವಳು ಕೇಳಿದ್ದಾಳೆ.